ಅಮ್ಮನ ಟಿ-ಸ್ಕೋರ್ -2.9: ಕ್ಯಾಲ್ಸಿಯಂ, ಥೈರಾಯ್ಡ್ ಮಾತ್ರೆ, ವಾರದ ಮಾತ್ರೆ – ಯಾವುದು ಯಾವಾಗ?

ತುಮಕೂರು_ಮಗಳು:
ಅಮ್ಮನಿಗೆ 64. ಮೂಳೆ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯ ಟಿ-ಸ್ಕೋರ್ (ಎಳೆ ವಯಸ್ಸಿನವರ ಮೂಳೆಗೆ ಹೋಲಿಸಿದ ಅಂಕಿ) -2.9, ಸೊಂಟದ ಹತ್ತಿರ -2.3. ವಿಟಮಿನ್ ಡಿ 14, ಕಡಿಮೆ ಇದೆ. ಬೆಳಿಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ ಥೈರಾಕ್ಸಿನ್ 75, ಜತೆಗೇ ಎದೆಯುರಿಗೆ ಪ್ಯಾಂಟೊಪ್ರಜೋಲ್ (ನಾಲ್ಕು ವರ್ಷದಿಂದ), ಅರ್ಧ ಗಂಟೆ ಬಿಟ್ಟು ಕಾಫಿ ಜತೆ ಕ್ಯಾಲ್ಸಿಯಂ ಕಾರ್ಬೊನೇಟ್ 1250. ಈಗ ವಾರಕ್ಕೊಂದು ಮೂಳೆ ಸವೆತ ತಡೆಯುವ ಅಲೆಂಡ್ರೊನೇಟ್ 70 ಬರೆದಿದ್ದಾರೆ, ವಿಟಮಿನ್ ಡಿ ಪುಡಿಯ ಸ್ಯಾಶೆಯನ್ನೂ ಕೊಟ್ಟಿದ್ದಾರೆ. ಮಧ್ಯಾಹ್ನ ಒಂದು ಮುದ್ದೆ, ರಾತ್ರಿ ಅನ್ನ ಮಜ್ಜಿಗೆ, ವಾರಕ್ಕೆ ಮೂರು ಸಲ ಪಾಲಕ್. "ರಾಗಿ ತಿನ್ನೋರಿಗೆ ಮೂಳೆ ಮಾತ್ರೆ ಯಾಕೆ?" ಅಂತಾರೆ. ಊಟದಲ್ಲೇ ಸರಿಹೋಗುತ್ತಾ? ಮಾತ್ರೆಗಳ ಹೊತ್ತು ಸರಿ ಇದೆಯಾ?

ಗುಳಿಗೆಡಬ್ಬಿ:
ಹೊತ್ತು ಸರಿ ಇಲ್ಲ ಮೇಡಂ. ಮೊದಲು ಅದನ್ನು ಸರಿಮಾಡಿ, ಖರ್ಚಿಲ್ಲದ ಕೆಲಸ.

ಕ್ಯಾಲ್ಸಿಯಂ ಕರುಳಿನಲ್ಲೇ ಥೈರಾಕ್ಸಿನ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಎರಡರ ನಡುವೆ 4 ಗಂಟೆ ಅಂತರ ಬೇಕು. ಕಾರ್ಬೊನೇಟ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು, ಪ್ಯಾಂಟೊಪ್ರಜೋಲ್ ಅದನ್ನೇ ತಗ್ಗಿಸುತ್ತದೆ. ಹಾಗಾಗಿ ಕಾರ್ಬೊನೇಟ್ ಆದರೆ ಮಧ್ಯಾಹ್ನದ ಊಟದ ನಡುವೆ ಕೊಡಿ. ಆಮ್ಲ ತಗ್ಗಿಸುವ ಆ ಮಾತ್ರೆ ಬಿಡುವಂತಿಲ್ಲ ಅಂದರೆ ಕ್ಯಾಲ್ಸಿಯಂ ಸಿಟ್ರೇಟ್‌ಗೆ ಬದಲಿಸಲು ಡಾಕ್ಟರನ್ನು ಕೇಳಿ, ಅದಕ್ಕೆ ಊಟದ ಹಂಗಿಲ್ಲ. ಡಬ್ಬಿ ಮೇಲಿನ 1250 ಅನ್ನುವುದು ಇಡೀ ಲವಣದ ತೂಕ, ಒಳಗಿನ ಕ್ಯಾಲ್ಸಿಯಂ 500 ಮಿ.ಗ್ರಾಂ ಮಾತ್ರ. ಒಂದು ಹೊತ್ತಿಗೆ 500ಕ್ಕಿಂತ ಹೆಚ್ಚು ಕೊಟ್ಟರೆ ಹೀರಿಕೊಳ್ಳುವ ಪಾಲು ಇಳಿಯುತ್ತದೆ. ಎರಡು ಮಾತ್ರೆ ಒಟ್ಟಿಗೆ ನುಂಗುವುದು ದಂಡ.

ಅಲೆಂಡ್ರೊನೇಟ್‌ಗೆ ಒಂದು ದಿನ ಗೊತ್ತುಮಾಡಿ, ಭಾನುವಾರ ಅನ್ನಿ. ಎದ್ದ ಕೂಡಲೇ ಬರೀ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ ಇಡೀ ಮಾತ್ರೆ ನುಂಗಬೇಕು. ಕಾಫಿ, ಹಾಲು ಕೂಡದು. ಅರ್ಧ ಗಂಟೆ ಕೂತಿರಬೇಕು ಇಲ್ಲವೇ ಓಡಾಡಬೇಕು, ಮತ್ತೆ ಮಲಗಿದರೆ ಮಾತ್ರೆ ಅನ್ನನಾಳಕ್ಕೆ ಅಂಟಿ ಹುಣ್ಣಾಗಬಹುದು. ಆಮೇಲೆ ಥೈರಾಕ್ಸಿನ್, ಇನ್ನೊಂದು ಅರ್ಧ ಗಂಟೆ ಬಿಟ್ಟು ಕಾಫಿ.

ರಾಗಿಕಣಜ:
ಊಟದ ಲೆಕ್ಕ ನೋಡೋಣ. ಮುಟ್ಟು ನಿಂತ ಹೆಂಗಸರಿಗೆ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರ ಶಿಫಾರಸಿನ ಪ್ರಕಾರ ದಿನಕ್ಕೆ 1200 ಮಿ.ಗ್ರಾಂ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ 360ರ ಆಸುಪಾಸು, 200 ಎಂಎಲ್ ಹಸುವಿನ ಹಾಲಿನಲ್ಲಿ ಸುಮಾರು 240, ಒಂದು ಬಟ್ಟಲು ಗಟ್ಟಿ ಮೊಸರಿನಲ್ಲಿ 180, ಸಿಪ್ಪೆ ಸಮೇತ ಹುರಿದ ಎಳ್ಳು ಒಂದು ದೊಡ್ಡ ಚಮಚದಲ್ಲಿ ನೂರರಷ್ಟು. ಇದಿಷ್ಟು ದಿನಾ ಹೊಟ್ಟೆಗೆ ಹೋದರೆ ಒಂದೇ ಮಾತ್ರೆ ಸಾಕು. ನೀರು ಮಜ್ಜಿಗೆಯನ್ನು ಮೊಸರಿನ ಲೆಕ್ಕಕ್ಕೆ ಹಿಡಿಯಬೇಡಿ.

ಪಾಲಕ್ ಅನ್ನು ಲೆಕ್ಕದಿಂದ ಪೂರ್ತಿ ತೆಗೆದುಬಿಡಿ. ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಸಿಗುವುದು ನೂರಕ್ಕೆ ಐದರಷ್ಟು, ಹಾಲಿನಲ್ಲಿ ಮೂವತ್ತರಷ್ಟು ಸಿಗುತ್ತದೆ. ಸೊಪ್ಪು ಬೇಯಿಸಿ ನೀರು ಬಸಿದರೆ ಆಕ್ಸಲೇಟ್ ತಗ್ಗುತ್ತದೆ, ಆದರೆ ನಾವು ಬಸಿದ ನೀರಿನಲ್ಲೇ ಬಸ್ಸಾರು ಮಾಡುತ್ತೇವಲ್ಲ, ಅದೆಲ್ಲ ತಿರುಗಿ ತಟ್ಟೆಗೇ ಬರುತ್ತದೆ. ಬದಲಿಗೆ ಮೂಲಂಗಿ ಸೊಪ್ಪು, ನುಗ್ಗೆಸೊಪ್ಪು ಹಾಕಿ.

ರಾಗಿಯಲ್ಲಿ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಹೀರುವುದಕ್ಕೆ ಅಡ್ಡಿ. ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಮೊಳಕೆ ಬರಿಸಿ, ಒಣಗಿಸಿ ಬೀಸಿದರೆ ಅದು ಇಳಿಯುತ್ತದೆ. ಈ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋಗಬೇಡಿ, ಪಿಷ್ಟ ಒಡೆದಿರುವುದರಿಂದ ಜಿನುಗಿ ಕೈಗೆ ಅಂಟುತ್ತದೆ. ಗಂಜಿಗೆ, ಅಂಬಲಿಗೆ ಚೆನ್ನ. ಉಪ್ಪಿನಕಾಯಿ, ಹಪ್ಪಳವನ್ನೂ ತಗ್ಗಿಸಿ. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುತ್ತದೆ.

ಮೂಳೆಮಾತು:
ಅಮ್ಮನ ಪ್ರಶ್ನೆಗೆ ನೇರ ಉತ್ತರ: ಮುಟ್ಟು ನಿಂತು ಈಸ್ಟ್ರೊಜನ್ ಇಳಿದ ಮೇಲೆ ಮೂಳೆ ಕಟ್ಟುವುದಕ್ಕಿಂತ ಕರಗುವುದೇ ಜೋರಾಗುತ್ತದೆ. ರಾಗಿ, ಹಾಲು ಎಷ್ಟೇ ತಿಂದರೂ ಆ ಕರಗುವಿಕೆ ನಿಲ್ಲುವುದಿಲ್ಲ. -2.9ಕ್ಕೆ ಔಷಧಿ ಬೇಕೇ ಬೇಕು, ದಯವಿಟ್ಟು ಮುಂದೂಡಬೇಡಿ.

ಆದರೆ ಅವರಿಗೆ ವಾರದ ಮಾತ್ರೆಯೇ ಸರಿಯಾ ಅನ್ನುವುದು ನನ್ನ ಅನುಮಾನ. ನಾಲ್ಕು ವರ್ಷದಿಂದ ಎದೆಯುರಿ ಇರುವವರಿಗೆ ಅಲೆಂಡ್ರೊನೇಟ್ ಕಾಟ ಕೊಡಬಹುದು, ಕೆಲವರು ಎರಡೇ ತಿಂಗಳಿಗೆ ಬಿಟ್ಟುಬಿಡುತ್ತಾರೆ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೋಲೆಡ್ರೊನಿಕ್ ಆಸಿಡ್ 5 ಮಿ.ಗ್ರಾಂ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ. ಅದಕ್ಕೆ ಮುಂಚೆ ಡಿ ಮಟ್ಟ ಸರಿಯಾಗಿರಬೇಕು, ಇಲ್ಲದಿದ್ದರೆ ರಕ್ತದ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಳೆಯಬಹುದು. ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಕ್ಲಿಯರೆನ್ಸ್ 35ಕ್ಕಿಂತ ಕಡಿಮೆ ಇದ್ದರೆ ಕೊಡುವುದಿಲ್ಲ. ಮೊದಲ ಸಲ ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದು. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿ.

ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಕೂಡ ನೋಡಿಸಿ. ಥೈರಾಕ್ಸಿನ್ ಹೆಚ್ಚಾಗಿದ್ದರೆ ಅದೇ ಮೂಳೆ ಸವೆಸುತ್ತದೆ. ಈಗ ಕ್ಯಾಲ್ಸಿಯಂ ದೂರ ಸರಿಸಿದರೆ ಅದೇ 75 ಹೆಚ್ಚು ಕೆಲಸ ಮಾಡಬಹುದು, ಆರೇಳು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿ. ಅಮ್ಮ ಹಿಂದಿಗಿಂತ 4 ಸೆಂ.ಮೀ. ಕುಳ್ಳಗಾಗಿದ್ದರೆ ಬೆನ್ನಿನ ಎಕ್ಸ್‌ರೇ ಬೇಕು. ನೋವಿಲ್ಲದೆಯೂ ಕಶೇರು (ಬೆನ್ನುಮೂಳೆಯ ಮಣಿ) ಕುಸಿದಿರಬಹುದು, ಹಾಗಿದ್ದರೆ ಮೂಳೆ ಕಟ್ಟುವ ಟೆರಿಪ್ಯಾರಟೈಡ್‌ನಿಂದ ಶುರುಮಾಡುವ ಮಾತು ಬರುತ್ತದೆ.

ತುಮಕೂರು_ಮಗಳು:
ತುಂಬ ಉಪಕಾರ. ಡಿ ಸ್ಯಾಶೆ ಎಷ್ಟು ದಿನ? ಪಕ್ಕದ ಮನೆಯವರು ಆರು ತಿಂಗಳಿಗೊಂದು ಇಂಜೆಕ್ಷನ್ ಒಳ್ಳೆಯದು ಅಂತಾರಲ್ಲ?

ಗುಳಿಗೆಡಬ್ಬಿ:
60,000ದ ಸ್ಯಾಶೆ ಸಾಮಾನ್ಯವಾಗಿ ವಾರಕ್ಕೊಂದರಂತೆ 8 ವಾರ, ಆಮೇಲೆ ತಿಂಗಳಿಗೊಂದು. ಹಾಲಿನ ಜತೆ ಕೊಡಿ. ದಿನಾ ಒಂದು ಕುಡಿದು, ವಾಂತಿ, ಮಲಬದ್ಧತೆ, ತಲೆ ಮಂಪರು ಅಂತ ಆಸ್ಪತ್ರೆ ಸೇರುವವರಿದ್ದಾರೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಮೂಳೆಮಾತು:
ಪಕ್ಕದ ಮನೆಯವರು ಹೇಳಿದ ಆ ಇಂಜೆಕ್ಷನ್ ಡೆನೊಸುಮಾಬ್ 60 ಮಿ.ಗ್ರಾಂ, ಮೂಳೆ ಸವೆತ ತಡೆಯುವಂಥದು. ಔಷಧಿ ಒಳ್ಳೆಯದೇ, ಆದರೆ ತಾರೀಕು ತಪ್ಪಿಸುವಂತಿಲ್ಲ. ಅದನ್ನು ನಿಲ್ಲಿಸಿದರೆ ತಡೆದಿಟ್ಟ ಸವೆತ ಒಮ್ಮೆಲೇ ನುಗ್ಗಿ, ಒಂದಾದ ಮೇಲೊಂದು ಕಶೇರು ಮುರಿಯಬಹುದು. ನಿಲ್ಲಿಸುವ ಹೊತ್ತಿಗೆ ಜೋಲೆಡ್ರೊನಿಕ್‌ನಂಥದು ಸಿದ್ಧವಿರಬೇಕು.

ಇನ್ನೊಂದು, ಮೋಟು ಪೊರಕೆ ಹಿಡಿದು ಬಗ್ಗಿ ಗುಡಿಸುವುದು, ಬಗ್ಗಿ ತುಂಬಿದ ಬಿಂದಿಗೆ ಎತ್ತುವುದು ಇವತ್ತಿನಿಂದಲೇ ನಿಲ್ಲಲಿ. ಉದ್ದ ಹಿಡಿಯ ಪೊರಕೆ ತನ್ನಿ, ಬಚ್ಚಲಿಗೆ ಒಂದು ಹಿಡಿಕಂಬಿ ಹಾಕಿಸಿ.