ಬಾಗಿಲು ಮುಚ್ಚಿದ ಕಂಪನಿಯ ರೈಫಲನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಹರಾಜಿಗೆ ಬಂದಿರುವ ಹಳೆಯ ಅಮೆರಿಕನ್ ಲಿವರ್ ರೈಫಲ್ (ಕೆಳಗಿನ ಹಿಡಿಯನ್ನು ಆಡಿಸಿ ಕಾಡತೂಸು ಏರಿಸುವ ಬಂದೂಕು) ಒಂದನ್ನು ಕೊಳ್ಳುವ ಆಲೋಚನೆಯಿದೆ. ನಳಿಗೆಯ ಕೆಳಗೆ ಕಾಡತೂಸು ತುಂಬುವ ಕೊಳವೆಯಿಲ್ಲ, ಹೊರಗೆ ಕಾಡತೂಸುಗಳನ್ನು ಕೂಡಿಡುವ ಮ್ಯಾಗಜೀನ್ ಪೆಟ್ಟಿಗೆಯೂ ಕಾಣುವುದಿಲ್ಲ. ಹೆಸರು ಸವೆದುಹೋಗಿದ್ದು, 1868 ಮತ್ತು 1871 ಎಂಬ ಇಸವಿಗಳನ್ನು ಮಾತ್ರ ಓದಬಹುದು. ಇದು 1871ರ ತಯಾರಿಕೆ ಎಂದು ಮಾರುವವರು ಹೇಳುವುದನ್ನು ನಂಬಬಹುದೇ? ಕೊಂಡ ಮೇಲೆ ಉಜ್ಜಿಸಿ ಹೊಳಪು ಕೊಡಿಸಬಹುದೇ?

ಉತ್ತರ: ನೀವು ಹೇಳಿದ ಲಕ್ಷಣಗಳು ಎವಾನ್ಸ್ ರೈಫಲ್‌ಗೆ ಹೊಂದುತ್ತವೆ. ವಾರನ್ ಎವಾನ್ಸ್ ಎಂಬ ದಂತವೈದ್ಯರು ರೂಪಿಸಿದ ಈ ಬಂದೂಕನ್ನು ಮೇನ್ ರಾಜ್ಯದ ಮೆಕ್ಯಾನಿಕ್ ಫಾಲ್ಸ್‌ನಲ್ಲಿ ತಯಾರಿಸಿದ ಕಂಪನಿ 1873ರಲ್ಲಿ ಆರಂಭವಾಗಿ, ಆ ದಶಕ ಕಳೆಯುವ ಹೊತ್ತಿಗೆ ಮುಚ್ಚಿಹೋಯಿತು. ನಳಿಗೆಯ ಮೇಲಿರುವುದು ಪೇಟೆಂಟ್ ಪಡೆದ ಇಸವಿಗಳೇ ಹೊರತು ತಯಾರಿಕೆಯದಲ್ಲ. ಅಲ್ಪಾಯುಷಿ ಕಂಪನಿಗಳ ಬಂದೂಕುಗಳಲ್ಲಿ ಅತಿ ಹೆಚ್ಚು ಮಂದಿ ಮೋಸಹೋಗುವುದು ಇಲ್ಲಿಯೇ. ಹೆಸರನ್ನೂ ಇಸವಿಯನ್ನೂ ಬದಿಗಿಟ್ಟು, ಮೊದಲು ಯಂತ್ರವನ್ನು ನೋಡಬೇಕು.

ಎವಾನ್ಸ್‌ನ ಮ್ಯಾಗಜೀನ್ ಹೆಗಲಿಗೊರಗುವ ಹಿಂಭಾಗದೊಳಗೆ ಅಡಗಿದೆ. ಲಿವರನ್ನು ಆಡಿಸಿದಂತೆಲ್ಲ ತಿರುಪಿನಾಕಾರದ ವ್ಯವಸ್ಥೆಯೊಂದು ತಿರುಗಿ, ಕಾಡತೂಸುಗಳನ್ನು ಒಂದೊಂದು ಹೆಜ್ಜೆ ಮುಂದೆ ತಳ್ಳುತ್ತದೆ. ಮೊದಲ ಮಾದರಿಗಳಲ್ಲಿ 34 ಕಾಡತೂಸುಗಳು ಹಿಡಿಯುತ್ತಿದ್ದವು. ಉದ್ದನೆಯ ಕಾಡತೂಸಿಗಾಗಿ ಮಾಡಿದ ನಂತರದ ಮಾದರಿಯಲ್ಲಿ ಆ ಸಂಖ್ಯೆ 28ಕ್ಕೆ ಇಳಿಯಿತು. ಆದ್ದರಿಂದ ಹತ್ತು ಸಲ ಲಿವರ್ ಆಡಿಸಿದಾಗ ಏನೂ ಹೊರಬರಲಿಲ್ಲವೆಂದು ಬಂದೂಕು ಖಾಲಿಯಿದೆಯೆಂದು ತೀರ್ಮಾನಿಸಬೇಡಿ, ಹಿಂದಿನಿಂದ ತುಂಬಿದ ಕಾಡತೂಸು ಇನ್ನೂ ದಾರಿಯಲ್ಲೇ ಇರಬಹುದು. ಮಾದರಿಯನ್ನು ತಿಳಿಯಲು ಹಿಂಭಾಗದ ಮರವನ್ನು ಗಮನಿಸಿ: ಅತ್ಯಂತ ಹಳೆಯವುಗಳಲ್ಲಿ ಮೇಲ್ಭಾಗದಲ್ಲಿ ಮಾತ್ರ ಮರವಿದ್ದು, ಕೆಳಗೆ ಮ್ಯಾಗಜೀನಿನ ಲೋಹವೇ ಕಾಣುತ್ತದೆ. ನಂತರದವುಗಳಲ್ಲಿ ಮೇಲೂ ಕೆಳಗೂ ಮರವಿದೆ.

ಗುಂಡು ಹಾರಿಸುವ ಆಸೆಯಿದ್ದರೆ, ".44" ಎಂಬ ಅಳತೆಯನ್ನು ನೋಡಿ ವಿಂಚೆಸ್ಟರ್‌ನ .44 ಕಾಡತೂಸನ್ನು ತುಂಬಬೇಡಿ. ಎವಾನ್ಸ್‌ನ ಕಾಡತೂಸೇ ಬೇರೆ, ಅದರಲ್ಲೂ ಗಿಡ್ಡ ಮತ್ತು ಉದ್ದ ಎಂಬ ಎರಡು ಬಗೆಗಳಿವೆ. ಅನುಭವಿ ಕುಶಲಕರ್ಮಿಯಿಂದ ಕಡಿಮೆ ಶಾಖಕ್ಕೆ ಕರಗುವ ಲೋಹವನ್ನು ನಳಿಗೆಯಲ್ಲಿ ಕಾಡತೂಸು ಕೂರುವ ಜಾಗಕ್ಕೆ ಹೊಯ್ಯಿಸಿ, ಅಚ್ಚು ತೆಗೆಸಿ ಅಳತೆ ಮಾಡಿಸುವುದೇ ಸರಿಯಾದ ದಾರಿ.

ಹೊಳಪಿನ ವಿಚಾರದಲ್ಲಿ ನನ್ನ ಉತ್ತರ ಚಿಕ್ಕದು: ಬೇಡ. ಉಳಿದಿರುವ ಅಕ್ಷರಗಳ ಅಂಚುಗಳೂ ಮೂಲ ಬಣ್ಣವೂ ಒಮ್ಮೆ ಉಜ್ಜಿದರೆ ಹೋಗುತ್ತವೆ, ಬೆಲೆಯೂ ಅವುಗಳೊಂದಿಗೇ ಹೋಗುತ್ತದೆ. ತೆಳುವಾಗಿ ಎಣ್ಣೆ ಸವರಿದರೆ ಸಾಕು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ಹೆಸರು ಸ್ಪಷ್ಟವಾಗಿದ್ದರೆ ಇಷ್ಟೆಲ್ಲ ಪರಿಶೀಲನೆ ಬೇಕೇ? ನಾನು ನ್ಯೂಟನ್ ರೈಫಲ್ ಒಂದನ್ನು ನೋಡುತ್ತಿದ್ದೇನೆ.

ಉತ್ತರ: ನ್ಯೂಟನ್ ವಿಷಯದಲ್ಲಿ ಇನ್ನೂ ಹೆಚ್ಚಾಗಿ ಬೇಕು. ವೃತ್ತಿಯಿಂದ ವಕೀಲರಾಗಿದ್ದ ಚಾರ್ಲ್ಸ್ ನ್ಯೂಟನ್ 1914ರಲ್ಲಿ ಬಫಲೋ ನಗರದಲ್ಲಿ ಕಂಪನಿ ತೆರೆದು, ಜರ್ಮನಿಯ ಮೌಸರ್ ರೈಫಲ್‌ಗಳನ್ನು ಆಧಾರವಾಗಿಟ್ಟುಕೊಳ್ಳಲು ಯೋಚಿಸಿದ್ದರು. ಅಷ್ಟರಲ್ಲಿ ಮಹಾಯುದ್ಧ ಆರಂಭವಾಗಿ ಪೂರೈಕೆ ನಿಂತುಹೋಯಿತು. ಸ್ವಂತ ಕಾರ್ಖಾನೆಯಲ್ಲಿ 1917ರಲ್ಲಿ ತಯಾರಿಕೆ ಶುರುವಾದರೂ, ಮರುವರ್ಷವೇ ಕಂಪನಿ ಸಾಲ ಕೊಟ್ಟವರ ಪರವಾದ ಆಡಳಿತಕ್ಕೆ ಸೇರಿತು. ಆಮೇಲೆ ಉಳಿದ ಬಿಡಿಭಾಗಗಳಿಂದಲೂ ರೈಫಲ್‌ಗಳು ಜೋಡಣೆಯಾದವು, ನ್ಯೂಟನ್ ಅವರೇ ಬೇರೆ ಹೆಸರಿನ ಕಂಪನಿಗಳನ್ನೂ ಕಟ್ಟಿದರು. ಹೀಗಾಗಿ ನಳಿಗೆಯ ಮೇಲೆ ಕಂಪನಿಯ ಪೂರ್ಣ ಹೆಸರು ಮತ್ತು ಊರು ಏನಿದೆಯೆಂದು ಅಕ್ಷರಕ್ಷರವಾಗಿ ಓದಿ. "ನ್ಯೂಟನ್" ಎಂಬ ಒಂದೇ ಪದ ಏನನ್ನೂ ಹೇಳುವುದಿಲ್ಲ. ಬಿಡಿಭಾಗಗಳ ಬೆರಕೆ ಕಂಡರೆ ಕೂಡಲೇ ನಕಲಿ ಎನ್ನಬೇಕಾಗಿಲ್ಲ, ಆದರೆ ಪೂರ್ತಿ ಬೆಲೆ ಕೊಡುವ ಅಗತ್ಯವೂ ಇಲ್ಲ. ಇವರ .256 ಕಾಡತೂಸಿನ ಹೆಸರೂ ದಾರಿ ತಪ್ಪಿಸುತ್ತದೆ, ಅದರ ಗುಂಡಿನ ವ್ಯಾಸ .264 ಅಂಗುಲ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಪರವಾನಗಿಯ ವಿಚಾರ?

ಉತ್ತರ: ಅಮೆರಿಕದ ಒಕ್ಕೂಟದ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದವು ಪುರಾತನ ಬಂದೂಕುಗಳು, ಎವಾನ್ಸ್ ಆ ವರ್ಗಕ್ಕೆ ಸೇರುತ್ತದೆ, ನ್ಯೂಟನ್ ಸೇರುವುದಿಲ್ಲ. ರಾಜ್ಯಗಳ ನಿಯಮಗಳು ಬೇರೆಯಾಗಿರುವುದರಿಂದ, ಹರಾಜಿನಲ್ಲಿ ಕೂಗುವ ಮೊದಲೇ ವಿಚಾರಿಸಿಕೊಳ್ಳಿ.