ವ್ಯಾಪಾರದ ಬರಹದಲ್ಲಿ ‘ಅಣ್ಣ’ ಎಲ್ಲಿಯವರೆಗೆ? (ಗುಂಪಿನ ಪ್ರಶ್ನೋತ್ತರ)

ಅಡ್ಮಿನ್: ನಮಸ್ಕಾರ. ಗಿರಾಕಿಗೆ, ಸಪ್ಲೈಯರಿಗೆ, ಆಫೀಸಿಗೆ ಬರೆಯುವಾಗ ಸಲಿಗೆಯಲ್ಲಿ ಬರೆಯಬೇಕಾ, ಗಂಭೀರವಾಗಿ ಬರೆಯಬೇಕಾ ಎಂದು ಸುಮಾರು ಜನ ಕೇಳಿದ್ದೀರಿ. ಕಾಸರಗೋಡಿನಲ್ಲಿ ವ್ಯಾಪಾರದ ತಕರಾರುಗಳನ್ನೇ ಹೆಚ್ಚಾಗಿ ನೋಡುವ ವಕೀಲರು ಇವತ್ತು ಸಂಜೆಯವರೆಗೆ ಉತ್ತರ ಕೊಡುತ್ತಾರೆ. ಯಾರ ಹೆಸರೂ ಬೇಡ, ಕಸುಬು ಮತ್ತು ಊರು ಹಾಕಿದರೆ ಸಾಕು. ಗುಡ್ ಮಾರ್ನಿಂಗ್ ಚಿತ್ರ ದಯವಿಟ್ಟು ಬೇಡ.

ಬೇಕರಿ, ಉಪ್ಪಳ: ಸಾರ್, ಮೈದಾದವನು ವಾಟ್ಸಾಪಲ್ಲಿ ರೇಟ್ ಹಾಕ್ತಾನೆ. ನಾನು ಹೆಬ್ಬೆಟ್ಟಿನ ಇಮೋಜಿ ಒತ್ತುತ್ತೇನೆ, ನೋಡಿದೆ ಅಂತ ಅಷ್ಟೇ. ಮೊನ್ನೆ 20 ಚೀಲ ತಂದು ಇಳಿಸಿದ. ಕೇಳಿದರೆ ‘ನೀವೇ ಓಕೆ ಮಾಡಿದ್ದಲ್ವಾ’ ಅಂತಾನೆ.

ವಕೀಲರು: ಇದಕ್ಕೆ ಮುಂಚೆ ಹೆಬ್ಬೆಟ್ಟು ಒತ್ತಿದಾಗಲೂ ಮಾಲು ಬಂದು, ನೀವು ಇಳಿಸಿಕೊಂಡು ದುಡ್ಡು ಕೊಟ್ಟಿದ್ದುಂಟಾ? ಇದ್ದರೆ ನಿಮ್ಮ ವಾದಕ್ಕೆ ಬಲ ಕಡಿಮೆ. ಕೆನಡಾದ ಸಸ್ಕಾಚೆವಾನಿನಲ್ಲಿ ಇಂಥದ್ದೇ ಕೇಸು ಆಗಿದೆ. ಅಗಸೆ ಖರೀದಿಯ ಕರಾರಿನ ಫೋಟೋ ಕಳಿಸಿ ‘ಖಚಿತಪಡಿಸಿ’ ಎಂದು ವ್ಯಾಪಾರಿ ಕೇಳಿದ, ರೈತ ಹೆಬ್ಬೆಟ್ಟು ಒತ್ತಿದ. ರೇಟು ಏರಿತು, ಮಾಲು ಬರಲಿಲ್ಲ. ‘ಕರಾರು ಸಿಕ್ಕಿದೆ ಎನ್ನಲು ಮಾತ್ರ ಒತ್ತಿದ್ದು’ ಎಂದು ರೈತ ವಾದಿಸಿದ. ಹಿಂದಿನ ವ್ಯವಹಾರಗಳಲ್ಲೂ ಒಂದೆರಡು ಪದದ ಉತ್ತರ ಕಳಿಸಿಯೇ ಅವನು ಮಾಲು ಕೊಟ್ಟಿದ್ದನ್ನು ನೋಡಿ 2023ರಲ್ಲಿ ಕೋರ್ಟು ಅದನ್ನು ಒಪ್ಪಿಗೆ ಎಂದೇ ತೀರ್ಮಾನಿಸಿತು. ಪರಿಹಾರ 82,000 ಕೆನಡಾ ಡಾಲರಿಗೂ ಮೇಲೆ. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ನಮ್ಮ ಸುಪ್ರೀಂ ಕೋರ್ಟೂ 2010ರ ಟ್ರೈಮೆಕ್ಸ್–ವೇದಾಂತ ಬಾಕ್ಸೈಟ್ ಪ್ರಕರಣದಲ್ಲಿ, ಸಹಿ ಹಾಕಿದ ಕರಾರುಪತ್ರ ಇಲ್ಲದಿದ್ದರೂ ಈಮೇಲಿನಲ್ಲಿ ಕೊಟ್ಟ ಒಪ್ಪಿಗೆಯಿಂದಲೇ ಒಪ್ಪಂದ ಆಗಿದೆ ಎಂದಿದೆ. ‘ರೇಟ್ ನೋಡಿದೆ, ಆರ್ಡರ್ ಬೇರೆ ಹೇಳುತ್ತೇನೆ’ ಎಂದು ಬರೆಯಿರಿ.

ಕಂಪ್ಯೂಟರ್ ಸೆಂಟರ್, ಕಾಸರಗೋಡು: ಸರ್, ಇಂಗ್ಲಿಷಿನಲ್ಲಿ ಬರೆದರೆ ತೂಕ ಜಾಸ್ತಿ ಅಲ್ವಾ?

ವಕೀಲರು: ಇಲ್ಲ. ಓದುವವರಿಗೆ ತಿಳಿಯುವ ಭಾಷೆಯಲ್ಲಿ ಬರೆಯಿರಿ.

ಸೊಸೈಟಿ ಗುಮಾಸ್ತೆ, ಮುಳ್ಳೇರಿಯ: ಇಲ್ಲಿಯ ಸರ್ಕಾರಿ ಆಫೀಸಿಗೆ ಕನ್ನಡದಲ್ಲಿ ಬರೆದರೆ ತಿರುಗಿ ಕಳಿಸ್ತಾರಾ?

ವಕೀಲರು: ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಎಂದಿದೆ. ಬರೆಯಿರಿ. ಆದರೆ ಎರಡು ಪುಟದ ಪೀಠಿಕೆ ಬೇಡ, ಬೇಕಾದ್ದನ್ನು ಮೊದಲ ಸಾಲಿನಲ್ಲೇ ಕೇಳಿ.

ಹಾಳೆತಟ್ಟೆ ಘಟಕ, ಪೆರ್ಲ: ಸಾರ್ ನನ್ನದು ಸ್ವಲ್ಪ ಉದ್ದ ಉಂಟು. ಹುಬ್ಬಳ್ಳಿಯ ಹೋಲ್‌ಸೇಲರ್ ಒಬ್ಬರಿಗೆ ಹಾಳೆತಟ್ಟೆ (ಅಡಿಕೆ ಹಾಳೆಯ ತಟ್ಟೆ) ಕಳಿಸ್ತೇನೆ. ಜುಲೈ 4ರ ಬಿಲ್ಲು, 7ಕ್ಕೆ ಮಾಲು ತಲುಪಿದೆ, ₹1,84,000. ಬಾಯಿಮಾತಿನಲ್ಲಿ ಒಂದು ತಿಂಗಳು ಸಾಲ. ಆಗಸ್ಟ್ 2ಕ್ಕೆ ಬೂಷ್ಟು ಹಿಡಿದ ತಟ್ಟೆಯ ಫೋಟೋ ಹಾಕಿದರು. ನಾನು ‘ಸಾರಿ ಅಣ್ಣ, ಮಳೆಗಾಲ ಅಲ್ವಾ, ಸ್ವಲ್ಪ ಹಾಗೇ ಆಗ್ತದೆ’ ಅಂತ ಹಾಕಿದೆ. ಸೆಪ್ಟೆಂಬರಲ್ಲಿ ದುಡ್ಡು ಕೇಳಿದಾಗ ‘ಟೈಟ್ ಉಂಟು’ ಅಂದರು. ನಾನು ‘ಪರವಾಗಿಲ್ಲ ಅಣ್ಣ, ದೀಪಾವಳಿ ಕಳೆದ ಮೇಲೆ ನೋಡುವ’ ಅಂದೆ. ದೀಪಾವಳಿ ಕಳೆಯಿತು. ಈಗ ಹೇಳ್ತಾರೆ, ಮಾಲು ಪೂರ್ತಿ ಹಾಳು, ನೀವೇ ಒಪ್ಪಿದ್ದೀರಿ, ಅರ್ಧ ದುಡ್ಡು ಮಾತ್ರ ಅಂತ. ನಮ್ಮ ಭಾವ ಒಂದು ಲೆಟರ್ ಫಾರ್ವರ್ಡ್ ಮಾಡಿದ್ದಾರೆ. ಸೆಕ್ಷನ್ 420 ಹಾಕ್ತೇವೆ, 24 ಗಂಟೆಯಲ್ಲಿ ದುಡ್ಡು ಹಾಕದಿದ್ದರೆ ಪೊಲೀಸ್, ನಿಮ್ಮ ಫೋಟೋ ಎಲ್ಲ ಗುಂಪಿಗೆ ಅಂತ ಉಂಟು. ಕಳಿಸಲಾ?

ವಕೀಲರು: ಕಳಿಸಬೇಡಿ. ಇದಕ್ಕೆ ವಿವರವಾಗಿ ಬರೆಯುತ್ತೇನೆ, ಅಷ್ಟರಲ್ಲಿ ದಯವಿಟ್ಟು ಏನನ್ನೂ ಕಳಿಸಬೇಡಿ.

ಅಡಿಕೆ ವ್ಯಾಪಾರ, ಬದಿಯಡ್ಕ: ಹುಬ್ಬಳ್ಳಿಗೆ ಒಂದು ಸಲ ಹೋಗಿ ಕೂತು ಮಾತಾಡಿದರೆ ಮುಗಿಯಿತು. ಪತ್ರ ಹೋದ ಮೇಲೆ ಆ ಮನುಷ್ಯ ಮತ್ತೆ ಮಾಲು ತಗೊಳ್ತಾನಾ? ನಮ್ಮ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಬಾಯಿಮಾತೇ.

ಕಂಪ್ಯೂಟರ್ ಸೆಂಟರ್, ಕಾಸರಗೋಡು: ಬಾಯಿಮಾತಿನಿಂದಲೇ ಅವರ ₹1,84,000 ನಿಂತಿರುವುದು.

ಅಡಿಕೆ ವ್ಯಾಪಾರ, ಬದಿಯಡ್ಕ: ನಿಮಗೆ ವ್ಯಾಪಾರ ಗೊತ್ತಿಲ್ಲ, ಪ್ರಿಂಟ್ ತೆಗೆಯುವುದು ಮಾತ್ರ ಗೊತ್ತು.

ಮೊಬೈಲ್ ಅಂಗಡಿ, ಕುಂಬಳೆ: ಆ ‘ಸಾರಿ’ ಮೆಸೇಜ್ ಡಿಲೀಟ್ ಮಾಡಿದರೆ ಆಯ್ತಲ್ಲ?

ವಕೀಲರು: ಮೊದಲು ಇದಕ್ಕೆ. ಡಿಲೀಟ್ ಮಾಡಬೇಡಿ. ಅವರ ಹತ್ತಿರ ಸ್ಕ್ರೀನ್‌ಶಾಟ್ ಇದ್ದೇ ಇರುತ್ತದೆ, ಅಳಿಸಿದ ಗುರುತು ನಿಮಗೇ ಕೇಡು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಈ ಸಂದೇಶಗಳನ್ನು ಪ್ರಮಾಣಪತ್ರದ ಜೊತೆ ಸಾಕ್ಷ್ಯವಾಗಿ ಕೊಡಬಹುದು. ಇಡೀ ಮಾತುಕತೆಯನ್ನು ಇದ್ದ ಹಾಗೆ ಉಳಿಸಿ. ಫೋನ್ ಬದಲಿಸಬೇಡಿ.

ಈಗ ಪೆರ್ಲದವರಿಗೆ. ನಿಮ್ಮ ಎರಡು ಸಾಲು ನನ್ನನ್ನು ಯೋಚನೆಗೆ ಹಚ್ಚಿವೆ. ‘ಸಾರಿ ಅಣ್ಣ’ ಎಂದದ್ದು ನಮ್ಮ ಕಡೆಯ ಮರ್ಯಾದೆ, ಎದುರಿನವರ ಬೇಸರ ಕಡಿಮೆ ಮಾಡಲು ಹೇಳುವುದು. ಆದರೆ ಆ ಮರ್ಯಾದೆಯ ಜೊತೆಯಲ್ಲೇ ನೀವು ಮಾಲಿನ ಗುಣಮಟ್ಟದ ಬಗ್ಗೆ ಒಂದು ಮಾತು ಹೇಳಿಬಿಟ್ಟಿದ್ದೀರಿ. ಹಾಗೆಯೇ ‘ದೀಪಾವಳಿ ಕಳೆದ ಮೇಲೆ’ ಎಂದು ದಿನಾಂಕವನ್ನೂ ಕೊಟ್ಟಿದ್ದೀರಿ. ಸಂದೇಶದಲ್ಲಿ ಅಣ್ಣ ಇರಲಿ, ಭಾವ ಇರಲಿ, ಇಕ್ಕ ಇರಲಿ, ನನ್ನ ತಕರಾರಿಲ್ಲ. ಹಣ, ದಿನಾಂಕ, ಅಳತೆ, ಗುಣಮಟ್ಟ, ತಪ್ಪೊಪ್ಪಿಗೆ ಈ ಐದರಲ್ಲಿ ಒಂದು ಬಂದ ಕೂಡಲೇ ಸಲಿಗೆಯ ಧಾಟಿ ನಿಲ್ಲಿಸಬೇಕು. ‘ಫೋಟೋ ನೋಡಿದೆ ಅಣ್ಣ. ಯಾವ ಅಳತೆ, ಎಷ್ಟು ಪೆಟ್ಟಿಗೆ ಎಂದು ಬರೆದು ಕಳಿಸಿ, ಪರಿಶೀಲಿಸಿ ಹೇಳುತ್ತೇನೆ’ ಎಂದಿದ್ದರೆ ಮರ್ಯಾದೆಯೂ ಉಳಿಯುತ್ತಿತ್ತು, ಏನನ್ನೂ ಒಪ್ಪಿದ ಹಾಗೆಯೂ ಆಗುತ್ತಿರಲಿಲ್ಲ.

ಹಾಗೆಂದು ನಿಮ್ಮ ಪಕ್ಷ ಸೋತಿಲ್ಲ. ನೀವು ತಯಾರಕರು. ಸರಬರಾಜಿಗೆ ಮೊದಲೇ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಆಗಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಕಡೆಗಿದೆ. ಮಾಲು ತಲುಪಿದ 15 ದಿನದೊಳಗೆ ಖರೀದಿದಾರ ಬರಹದಲ್ಲಿ ಆಕ್ಷೇಪ ಹೇಳದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ಹಾಗೆ. ನಿಮ್ಮದು ಜುಲೈ 7ಕ್ಕೆ ತಲುಪಿದೆ, ಫೋಟೋ ಬಂದದ್ದು ಆಗಸ್ಟ್ 2ಕ್ಕೆ. ಹಣದ ಗಡುವಿನ ಬಗ್ಗೆ ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನ ಮೀರುವಂತಿಲ್ಲ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಇಂಥ ಬಾಕಿಯ ತಕರಾರು ನೋಡುವ ಫೆಸಿಲಿಟೇಶನ್ ಕೌನ್ಸಿಲಿಗೆ ಹೋಗಬೇಕಾದರೆ ಸರಬರಾಜುದಾರನ ಊರಿನ ಕೌನ್ಸಿಲಿಗೇ ಅಧಿಕಾರ, ಹುಬ್ಬಳ್ಳಿಗೆ ಅಲೆಯಬೇಕಿಲ್ಲ.

ಇನ್ನು ಆ ಫಾರ್ವರ್ಡ್ ಪತ್ರ. 420 ಎಂಬುದು ಹಳೆಯ ದಂಡಸಂಹಿತೆಯದ್ದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ವಂಚನೆ ಅದರಲ್ಲಿ 318. ಬಿಲ್ಲಿನ ಹಣ ಕೊಡದ ಮಾತ್ರಕ್ಕೆ ವಂಚನೆ ಆಗುವುದೂ ಇಲ್ಲ, ಮೊದಲಿನಿಂದಲೇ ಮೋಸದ ಉದ್ದೇಶ ಇರಬೇಕು. ಫೋಟೋ ಹಂಚುತ್ತೇವೆ ಎಂದು ಬೆದರಿಸಿ ಹಣ ಕೇಳಿದರೆ ಅದೇ ಸಂಹಿತೆಯ ಸುಲಿಗೆಯ 308 ಮತ್ತು ಬೆದರಿಕೆಯ 351ರಲ್ಲಿ, ಹಂಚಿದರೆ ಮಾನಹಾನಿಯ 356ರಲ್ಲಿ, ಅವರೇ ನಿಮ್ಮ ಮೇಲೆ ದೂರು ಕೊಡಬಹುದು. ಹಣ ಬರಬೇಕಾದವರು ನೀವು, ಆರೋಪಿಯೂ ನೀವೇ ಆಗುತ್ತೀರಿ. ಇಂಥ ಪತ್ರಗಳನ್ನು ಯಾರು ಬರೆದು ಬಿಡುತ್ತಾರೋ, ಅದರಿಂದ ಕೆಟ್ಟವರನ್ನು ನನ್ನ ಕಚೇರಿಯಲ್ಲಿ ನಾನು ನೋಡುತ್ತಿರುತ್ತೇನೆ. ಗದರಿಸುವುದು ಗಂಭೀರ ಧಾಟಿ ಅಲ್ಲ.

ಒಂದು ಪ್ರಶ್ನೆ, ನಿಜ ಹೇಳಿ. ಬೂಷ್ಟು ಬಂದದ್ದು ಹೌದಾ?

ಹಾಳೆತಟ್ಟೆ ಘಟಕ, ಪೆರ್ಲ: ಎರಡು ಪೆಟ್ಟಿಗೆ ಸರಿಯಾಗಿ ಒಣಗಿರಲಿಲ್ಲ ಸಾರ್. ಹುಡುಗರು ಅವಸರದಲ್ಲಿ ಪ್ಯಾಕ್ ಮಾಡಿದ್ದು. ₹4,000ದ ಮಾಲು. ಉಳಿದದ್ದು ಸರಿ ಇತ್ತು.

ಟ್ಯೂಷನ್ ಸೆಂಟರ್, ಮಂಜೇಶ್ವರ: ಸರ್, ಫೀಸ್ ಬಾಕಿ ಇಟ್ಟವರಿಗೆ ಕಳಿಸಲು ಇದೇ ಥರದ ಒಂದು ಲೆಟರ್ ನನಗೂ ಬಂದಿದೆ. ‘ಕೊನೆಯ ಎಚ್ಚರಿಕೆ’ ಅಂತ ಕೆಂಪು ಅಕ್ಷರದಲ್ಲಿ. ಬಳಸಬಹುದಾ?

ವಕೀಲರು: ಮೇಲೆ ಬರೆದದ್ದನ್ನು ಓದಿ. ಮಕ್ಕಳ ತಂದೆತಾಯಿಗೆ ಅಂಥದ್ದನ್ನು ಕಳಿಸುವುದೆಂದರೆ ಏನೆಂದು ಯೋಚಿಸಿ.

ಪೆರ್ಲದವರೇ, ಹಾಗಿದ್ದರೆ ಆ ಎರಡು ಪೆಟ್ಟಿಗೆಯನ್ನು ಮುಚ್ಚಿಡಬೇಡಿ, ನೀವಾಗಿಯೇ ಕಳೆಯಿರಿ. ಆಗ ನಿಮ್ಮ ‘ಸಾರಿ’ ಯಾವುದಕ್ಕೆ ಎಂಬುದಕ್ಕೂ ಒಂದು ಮಿತಿ ಬೀಳುತ್ತದೆ. ಹೀಗೆ ಬರೆಯಿರಿ:

‘ಮಾನ್ಯರೆ, ಜುಲೈ 4ರ ನಮ್ಮ ಬಿಲ್ಲಿನ ಮಾಲು ಜುಲೈ 7ರಂದು ನಿಮಗೆ ತಲುಪಿದೆ, ಲಾರಿ ರಸೀದಿಯ ಪ್ರತಿ ಲಗತ್ತಿಸಿದೆ. 15 ದಿನದೊಳಗೆ ನಿಮ್ಮಿಂದ ಬರಹದ ಆಕ್ಷೇಪ ಬಂದಿಲ್ಲ. ಆಗಸ್ಟ್ 2ರ ನಿಮ್ಮ ಫೋಟೋ ಮತ್ತು ಅದಕ್ಕೆ ನನ್ನ ಉತ್ತರ ಎರಡು ಪೆಟ್ಟಿಗೆಗೆ ಸಂಬಂಧಿಸಿದ್ದು. ಅವುಗಳ ಬೆಲೆ ₹4,000 ಕಳೆದಿದ್ದೇವೆ. ಉಳಿದ ₹1,80,000ವನ್ನು ಈ ಪತ್ರ ತಲುಪಿದ 10 ದಿನದೊಳಗೆ ಕೆಳಗಿನ ಖಾತೆಗೆ ಜಮಾ ಮಾಡಬೇಕಾಗಿ ಕೋರಿಕೆ. ತಪ್ಪಿದಲ್ಲಿ 2006ರ ಕಾಯ್ದೆಯಂತೆ ಬಡ್ಡಿ ಸಹಿತ ವಸೂಲಿಗೆ ಕೌನ್ಸಿಲಿಗೆ ಅರ್ಜಿ ಸಲ್ಲಿಸುತ್ತೇವೆ. ಮುಂದೆಯೂ ನಿಮ್ಮೊಂದಿಗೆ ವ್ಯವಹಾರ ಇಟ್ಟುಕೊಳ್ಳುವ ಇಚ್ಛೆ ನಮಗಿದೆ.’

ಇಷ್ಟೇ. ಬೈಗುಳ ಇಲ್ಲ, ‘ತಮ್ಮ ಪಾದಾರವಿಂದಗಳಲ್ಲಿ’ ಇಲ್ಲ, ಆಶ್ಚರ್ಯಸೂಚಕ ಚಿಹ್ನೆ ಇಲ್ಲ. ಕೊನೆಯ ವಾಕ್ಯ ನಿಜವಾಗಿಯೂ ಮನಸ್ಸಿನಲ್ಲಿ ಇದ್ದರೆ ಮಾತ್ರ ಇಡಿ. ಪತ್ರ ಹೋದ ಮೇಲೆ ಫೋನಿನಲ್ಲಿ ಅಣ್ಣ ಎಂದೇ ಮಾತಾಡಿ, ಆದರೆ ರಿಯಾಯಿತಿ, ಗಡುವು ಯಾವುದನ್ನೂ ಫೋನಿನಲ್ಲಿ ಒಪ್ಪಬೇಡಿ.

ಅಡಿಕೆ ವ್ಯಾಪಾರ, ಬದಿಯಡ್ಕ: ವಕೀಲರು ಹೇಳಿದ್ದು ಕಾನೂನು, ಸರಿ. ಆದರೆ ನನ್ನ ರೈತರಿಗೆ ನಾನು ಹೀಗೆ ಬರೆದರೆ ನಾಳೆ ಒಬ್ಬರೂ ಅಡಿಕೆ ತರಲಿಕ್ಕಿಲ್ಲ.

ಕೃಷಿಕ, ನೀರ್ಚಾಲು: ಬರೆಯಿರಿ ಮಾರಾಯ್ರೆ, ನಾವು ತರ್ತೇವೆ. ಚಾಲಿ ಅಡಿಕೆ ತಂದಾಗ ಕಡಿಮೆ ದರ್ಜೆಯ ಪಟೋರ ಇಷ್ಟು, ಕರಿಗೋಟು ಇಷ್ಟು ಅಂತ ಬಾಯಿಯಲ್ಲಿ ಹೇಳಿ ಕಳೆಯುವುದಲ್ವಾ ನೀವು? ತುಂಡು ಚೀಟಿಯಲ್ಲಿ ಒಟ್ಟು ಮೊತ್ತ ಮಾತ್ರ. ಯಾವುದಕ್ಕೆ ಎಷ್ಟು ಕಳೆದಿರಿ ಅಂತ ಒಂದು ಸಾಲು ಬರೆದರೆ ಸಂಬಂಧ ಹಾಳಾಗುವುದಿಲ್ಲ.

ಅಡಿಕೆ ವ್ಯಾಪಾರ, ಬದಿಯಡ್ಕ: ನಂಬಿಕೆ ಇಲ್ಲದಿದ್ದರೆ ಬೇರೆ ಅಂಗಡಿಗೆ ಹೋಗಿ.

ಕೃಷಿಕ, ನೀರ್ಚಾಲು: ಹೋಗಿದ್ದೇನೆ, ಎರಡು ವರ್ಷ ಆಯ್ತು. ನೀವು ಗಮನಿಸಲಿಲ್ಲ.

ಅಡ್ಮಿನ್: ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಹೋಂ ಸ್ಟೇ, ಬೇಕಲ: ಗೂಗಲಿನಲ್ಲಿ ಕೆಟ್ಟ ರಿವ್ಯೂ ಬರೆದವರಿಗೆ ಉತ್ತರ ಹೇಗಿರಬೇಕು? ಸಲಿಗೆಯಾ, ಗಂಭೀರವಾ?

ಹಾರ್ಡ್‌ವೇರ್, ಸೀತಾಂಗೋಳಿ: ಚೆಕ್ ವಾಪಸ್ ಬಂದು ಮೂರು ವಾರ ಆಯ್ತು ಸಾರ್. ವಾಟ್ಸಾಪಲ್ಲಿ ‘ಎಂತ ಇಕ್ಕ ಹೀಗೆ ಮಾಡಿದ್ರಿ’ ಅಂತ ಹಾಕಿದ್ದೇನೆ. ಅದು ನೋಟಿಸ್ ಆಗ್ತದಾ?

ವಕೀಲರು: ಅದನ್ನು ನಂಬಿ ಕೂರಬೇಡಿ. ಬ್ಯಾಂಕಿನಿಂದ ಮಾಹಿತಿ ಸಿಕ್ಕಿ 30 ದಿನದೊಳಗೆ ಚೆಕ್ಕಿನ ಮೊತ್ತ ಕೇಳಿ ಲಿಖಿತ ನೋಟಿಸ್ ಹೋಗಬೇಕು. ತಲುಪಿದ ಮೇಲೆ ಅವರಿಗೆ 15 ದಿನ. ಮೂರು ವಾರ ಕಳೆದಿದೆ ಎಂದರೆ ನಾಳೆಯೇ ವಕೀಲರೊಬ್ಬರನ್ನು ಕಾಣಿ.

ಸ್ಟೇಷನರಿ, ಕುಂಬಳೆ: ಒಳ್ಳೆಯ ನೋಟಿಸ್ ಫಾರ್ಮ್ಯಾಟ್ ನನ್ನ ಹತ್ತಿರ ಉಂಟು, ಎಲ್ಲರೂ ಸೇವ್ ಮಾಡಿಕೊಳ್ಳಿ. ‘ಆರ್‌ಪಿಎಡಿ ಮೂಲಕ’ ಅಂತ, ಅಂದರೆ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಪೋಸ್ಟ್ ಅಂತ, ಮೇಲೆ ಹಾಕಿದರೆ ಸಾಕು.

ವಕೀಲರು: ದಯವಿಟ್ಟು ಅದನ್ನು ಇಲ್ಲಿ ಹಾಕಬೇಡಿ. 2025ರಲ್ಲೇ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ನಿಮ್ಮ ಫಾರ್ಮ್ಯಾಟ್ ಎಷ್ಟು ಹಳೆಯದು ಎಂಬುದು ಅದರ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಚೆಕ್ಕಿನ ನೋಟಿಸಿನಲ್ಲಿ ಮೊತ್ತ ಬೇರೆ ಬಿದ್ದರೆ ಕೇಸೇ ಬಿದ್ದುಹೋಗಬಹುದು.

ಸ್ಟೇಷನರಿ, ಕುಂಬಳೆ: ಸಹಾಯ ಮಾಡಲು ಹೋದರೂ ಬೈಗುಳ.

ಟ್ಯೂಷನ್ ಸೆಂಟರ್, ಮಂಜೇಶ್ವರ: ಹಾಗಾದರೆ ಕೆಂಪು ಅಕ್ಷರ ಬಿಟ್ಟು ಕಪ್ಪಿನಲ್ಲಿ ಕಳಿಸಬಹುದಾ?

ವಕೀಲರು: ಬೇಡ. ಬಾಕಿ ಎಷ್ಟು, ಯಾವ ತಿಂಗಳದ್ದು, ಯಾವಾಗ ಕೊಡಲಾಗುತ್ತದೆ ಎಂದು ಕೇಳಿ ಎರಡು ಸಾಲು ನೀವೇ ಬರೆಯಿರಿ. ಇನ್ನು ಫಾರ್ವರ್ಡ್ ಪತ್ರದ ಬಗ್ಗೆ ಕೇಳಿದರೆ ನಾನು ಉತ್ತರಿಸುವುದಿಲ್ಲ.

ಹಾಳೆತಟ್ಟೆ ಘಟಕ, ಪೆರ್ಲ: ಸಾರ್, ಉದ್ಯಮ್ ಸರ್ಟಿಫಿಕೇಟ್ ಸಿಕ್ಕಿತು. ಕಳೆದ ವರ್ಷದ ಫೆಬ್ರವರಿಯದ್ದು.

ವಕೀಲರು: ಹಾಗಿದ್ದರೆ ಬಡ್ಡಿಯ ವಾಕ್ಯ ಹಾಗೇ ಇರಲಿ. ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಸಂಖ್ಯೆಯ ಪಕ್ಕದಲ್ಲಿ ಬರೆದು, ತಲುಪಿದ ದಾಖಲೆ ಸಿಗುವ ಹಾಗೆ ನಾಳೆ ಸ್ಪೀಡ್ ಪೋಸ್ಟ್ ಮಾಡಿ. ಅವರ ಈಮೇಲಿಗೂ ಅದೇ ಪ್ರತಿ ಕಳಿಸಿ. ಉತ್ತರ ಬಂದರೆ, ಏನೇ ಬಂದಿರಲಿ, ಮರುಉತ್ತರ ಕೊಡುವ ಮೊದಲು ನನಗೆ ತೋರಿಸಿ.