ದೇವರ ಹೆಸರೇ ಇಲ್ಲದ ಪುಸ್ತಕದಲ್ಲಿ ಎಸ್ತೇರಳ ನಂಬಿಕೆಯನ್ನು ಎಲ್ಲಿ ಹುಡುಕುವುದು?

ಪ್ರಶ್ನೆ

ಎಲ್ಲರಿಗೂ ವಂದನೆಗಳು. ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಮುಂದಿನ ತಿಂಗಳು ಬೈಬಲಿನ ಎಸ್ತೇರಳ, ಅಂದರೆ ಪರ್ಷಿಯದ ಅರಸನ ರಾಣಿಯಾದ ಯೆಹೂದ್ಯ ಹೆಣ್ಣಿನ, ಕುರಿತು ಮಾತನಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಕೊಟ್ಟಿರುವ ವಿಷಯ ‘ಧೈರ್ಯ ಮತ್ತು ನಂಬಿಕೆ’. ಧೈರ್ಯದ ಬಗ್ಗೆ ಹೇಳಲು ತೊಂದರೆಯಿಲ್ಲ. ಕರೆಯಿಲ್ಲದೆ ಅರಸನ ಒಳಪ್ರಾಕಾರಕ್ಕೆ ಕಾಲಿಟ್ಟವರಿಗೆ ಮರಣವೇ ಗತಿ ಎಂದು ತಿಳಿದೂ ಆಕೆ ಹೋದಳು. ನಂಬಿಕೆಯ ಭಾಗಕ್ಕೆ ಬಂದಾಗ ಮಾತ್ರ ನನ್ನ ಪೆನ್ನು ನಿಂತುಬಿಡುತ್ತದೆ. ಹತ್ತು ಅಧ್ಯಾಯಗಳನ್ನೂ ಎರಡು ಸಲ ಓದಿದೆ. ಅರಸ ಅಹಷ್ವೇರೋಷನ ಹೆಸರು ಪುಟಪುಟಕ್ಕೂ ಬರುತ್ತದೆ, ದೇವರ ಹೆಸರು ಒಂದು ಸಲವೂ ಬರುವುದಿಲ್ಲ. ಯಾರೂ ಪ್ರಾರ್ಥಿಸಿದರೆಂಬ ಮಾತಿಲ್ಲ, ಪ್ರವಾದಿಯಿಲ್ಲ, ಕನಸಿಲ್ಲ, ದೂತನೂ ಬರುವುದಿಲ್ಲ.

ದಾನಿಯೇಲನ ಮೂವರು ಗೆಳೆಯರು ಬೆಂಕಿಯ ಆವಿಗೆಯ ಮುಂದೆ ನಿಂತು, ತಮ್ಮ ದೇವರು ತಮ್ಮನ್ನು ಬಿಡಿಸಬಲ್ಲನೆಂದು ಅರಸನಿಗೇ ಹೇಳುತ್ತಾರೆ. ಎಸ್ತೇರಳು ಅಂತಹದ್ದೇನನ್ನೂ ಹೇಳುವುದಿಲ್ಲ. ಸತ್ತರೆ ಸಾಯುತ್ತೇನೆ ಎನ್ನುತ್ತಾಳೆ, ಅದೂ ಆಕೆಯನ್ನು ಸಾಕಿದ ಬಂಧು ಮೊರ್ದೆಕೈ ಹೆದರಿಸಿದಂತೆ ಮಾತನಾಡಿದ ಮೇಲೆ. ಅದು ನನಗೆ ವಿಶ್ವಾಸಿಯ ಮಾತಿಗಿಂತ ಬೇರೆ ದಾರಿ ಕಾಣದವಳ ಮಾತಿನಂತೆಯೇ ಕೇಳಿಸುತ್ತದೆ. ಇಲ್ಲದ್ದನ್ನು ಇದೆಯೆಂದು ಹೇಳಲು ನನಗೆ ಮನಸ್ಸಿಲ್ಲ. ತಿಳಿದವರು ದಾರಿ ತೋರಿಸಬೇಕು.

ಮೊದಲ ಉತ್ತರ

ಸಹೋದರಿಯವರೇ, ನಾಲ್ಕನೆಯ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ ನೋಡಿ. ಅಲ್ಲಿ ಎಸ್ತೇರಳೂ ಮೊರ್ದೆಕೈಯೂ ಒಮ್ಮೆಯೂ ಎದುರುಬದುರಾಗುವುದಿಲ್ಲ. ಗೋಣಿತಟ್ಟು ಸುತ್ತಿಕೊಂಡವನಿಗೆ ಅರಮನೆಯ ಬಾಗಿಲೊಳಗೆ ಪ್ರವೇಶವಿಲ್ಲ, ರಾಣಿ ಹೊರಗೆ ಬರುವಂತಿಲ್ಲ. ಹತಾಕನೆಂಬ ಕಂಚುಕಿ ಇವರಿಬ್ಬರ ಮಾತುಗಳನ್ನು ಹೊತ್ತು ಅತ್ತಿಂದಿತ್ತ ತಿರುಗುತ್ತಾನೆ. ಸಾಕಿ ಬೆಳೆಸಿದ ಅಣ್ಣ ಬೀದಿಯಲ್ಲಿ ಗೋಳಾಡುತ್ತಿದ್ದಾನೆಂದು ಕೇಳಿದೊಡನೆ ಎಸ್ತೇರಳು ಮಾಡುವ ಮೊದಲ ಕೆಲಸ, ಗೋಣಿತಟ್ಟನ್ನು ತೆಗೆದು ಉಟ್ಟುಕೊಳ್ಳಲೆಂದು ಒಳ್ಳೆಯ ಬಟ್ಟೆ ಕಳುಹಿಸುವುದು. ಅವನು ಅದನ್ನು ಒಪ್ಪುವುದಿಲ್ಲ. ಅರಸನ ಮುಖ್ಯಮಂತ್ರಿಯಾದ ಹಾಮಾನನು ಯೆಹೂದ್ಯರ ನಾಶಕ್ಕಾಗಿ ಹತ್ತು ಸಾವಿರ ತಲಾಂತು ಬೆಳ್ಳಿಯನ್ನು ಖಜಾನೆಗೆ ಕೊಡಲು ಮುಂದಾಗಿರುವುದು ತಿಳಿದ ಮೇಲೂ ಆಕೆಯ ಎರಡನೆಯ ಉತ್ತರ ಹೆಚ್ಚುಕಡಿಮೆ ನಿರಾಕರಣೆಯೇ: ಕರೆಯದೆ ಹೋದರೆ ಸಾವು, ನನಗೋ ಮೂವತ್ತು ದಿನಗಳಿಂದ ಕರೆ ಬಂದಿಲ್ಲ. ಆ ಮೂವತ್ತು ದಿನಗಳ ಲೆಕ್ಕವನ್ನು ಆಕೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳಲ್ಲ, ಅದನ್ನು ಓದುವಾಗ ನನಗೆ ಸಂಕಟವಾಗುತ್ತದೆ. ಅರಸನ ಮನಸ್ಸು ತನ್ನಿಂದ ಸರಿದಿದೆಯೋ ಏನೋ ಎಂಬ ಅಂಜಿಕೆ ಅದರೊಳಗಿದೆ.

ಮೂರನೆಯ ಸಲ ಮಾತ್ರ ಆಕೆಯ ಧ್ವನಿಯೇ ಬೇರೆಯಾಗುತ್ತದೆ. ರಾಜಧಾನಿ ಶೂಷನಿನ ಯೆಹೂದ್ಯರನ್ನೆಲ್ಲ ಕೂಡಿಸಿ ಮೂರು ದಿನ ಹಗಲೂ ರಾತ್ರಿಯೂ ಅನ್ನನೀರು ಬಿಟ್ಟು ತನಗಾಗಿ ಉಪವಾಸ ಮಾಡಬೇಕೆಂದೂ, ತಾನೂ ತನ್ನ ದಾಸಿಯರೂ ಹಾಗೆಯೇ ಇರುವೆವೆಂದೂ ಹೇಳಿಕಳುಹಿಸುತ್ತಾಳೆ. ಇದನ್ನು ಎರಡನೆಯ ಅಧ್ಯಾಯದ ಪಕ್ಕದಲ್ಲಿಟ್ಟು ಓದಬೇಕು. ಆ ಅರಮನೆಯಲ್ಲಿ ಆಕೆಗಿದ್ದ ಬಂಡವಾಳ ರೂಪವೊಂದೇ. ಆರು ತಿಂಗಳು ರಕ್ತಬೋಳದ ತೈಲ, ಆರು ತಿಂಗಳು ಸುಗಂಧದ್ರವ್ಯ, ಹೀಗೆ ಹನ್ನೆರಡು ತಿಂಗಳು ಸಿದ್ಧಪಡಿಸಿದ ಮೇಲೆಯೇ ಆ ಹುಡುಗಿಯರನ್ನು ಅರಸನ ಮುಂದೆ ಬಿಡುತ್ತಿದ್ದರು. ಅಂತಹ ಅರಸನ ಬಳಿ ಪ್ರಾಣಭಿಕ್ಷೆಗೆ ಹೋಗಬೇಕಾದ ಹೊತ್ತಿನಲ್ಲಿ, ಮೂರು ದಿನ ನೀರು ಕುಡಿಯದೆ, ಬಾಡಿದ ತುಟಿ, ಒಳಸೇರಿದ ಕಣ್ಣುಗಳೊಡನೆ ಹೋಗುವುದನ್ನು ಆಕೆ ತಾನಾಗಿಯೇ ಆರಿಸಿಕೊಳ್ಳುತ್ತಾಳೆ. ಉಪಾಯ ಮಾತ್ರ ಬೇಕಾಗಿದ್ದರೆ ಆ ಮೂರು ದಿನ ಕನ್ನಡಿಯ ಮುಂದೆ ಕುಳಿತಿರುತ್ತಿದ್ದಳು. ತನಗಿದ್ದ ಒಂದೇ ಬಲವನ್ನು ಕೈಯಾರೆ ಕಳೆದುಕೊಂಡು ಹೊರಟವಳು ಬೇರೆ ಯಾವುದನ್ನೋ ಆತುಕೊಂಡಿರಲೇಬೇಕು ಎಂಬುದು ನನ್ನ ತಿಳಿವಳಿಕೆ.

ಇನ್ನೊಂದು ಸಂಗತಿ. ಹಾಮಾನನ ಆಜ್ಞೆಯನ್ನು ಬರೆಸಿದ್ದು ಮೊದಲನೆಯ ತಿಂಗಳ 13ನೆಯ ದಿನ. ಪಸ್ಕದ ಊಟ ಮರುದಿನವೇ. ಆದ್ದರಿಂದ ಎಸ್ತೇರಳ ಉಪವಾಸ ಪಸ್ಕದ ಹಬ್ಬದ ಮೇಲೆಯೇ ಬಿದ್ದಿತೆಂದು ಪ್ರಾಚೀನ ರಬ್ಬಿಗಳು ಓದಿದ್ದಾರೆ. ಐಗುಪ್ತದಿಂದ ಬಿಡುಗಡೆಯಾದುದನ್ನು ನೆನೆದು ಉಣ್ಣಬೇಕಾದ ರಾತ್ರಿ ಶೂಷನಿನಲ್ಲಿ ಒಲೆ ಹೊತ್ತಲಿಲ್ಲ.

ಎರಡನೆಯ ಉತ್ತರ

ನಾನು ಕಥೋಲಿಕ ಸಭೆಯವನು. ನಿಮ್ಮ ಪ್ರಶ್ನೆ ಎರಡು ಸಾವಿರ ವರ್ಷಗಳಿಗೂ ಹಳೆಯದು ಎಂದು ಹೇಳಲು ಇಷ್ಟಪಡುತ್ತೇನೆ. ನಾವು ಓದುವ ಎಸ್ತೇರಳ ಗ್ರಂಥದಲ್ಲಿ ಗ್ರೀಕ್ ಅನುವಾದದಿಂದ ಬಂದ ಆರು ಹೆಚ್ಚಿನ ಭಾಗಗಳಿವೆ. ಸಂತ ಜೆರೋಮ್ ಲತೀನಿಗೆ ಅನುವಾದಿಸುವಾಗ, ಹೀಬ್ರೂ ಮೂಲದಲ್ಲಿ ಇವಿಲ್ಲವೆಂದು ಬಹುಪಾಲನ್ನು ಪುಸ್ತಕದ ಕೊನೆಗೆ ಸೇರಿಸಿಟ್ಟರು. ಈ ಭಾಗಗಳಲ್ಲಿ ದೇವರ ಹೆಸರು ಧಾರಾಳವಾಗಿದೆ. ಮೊರ್ದೆಕೈ ಪ್ರಾರ್ಥಿಸುತ್ತಾನೆ. ಎಸ್ತೇರಳು ತಲೆಗೆ ಬೂದಿ ಸುರಿದುಕೊಂಡು, ನಿನ್ನ ಹೊರತು ನನಗೆ ದಿಕ್ಕಿಲ್ಲ, ನಾನು ಒಬ್ಬಂಟಿ ಎಂದು ದೇವರ ಮುಂದೆ ಅಳುತ್ತಾಳೆ. ತಲೆಯ ಮೇಲಿನ ಕಿರೀಟ ತನಗೆ ಮುಟ್ಟಿನ ಬಟ್ಟೆಯಷ್ಟೇ ಹೇಸಿಗೆ ಎನ್ನುತ್ತಾಳೆ. ನಿಮಗೆ ಕಾಡಿದ ಕೊರತೆಯೇ ಆ ಕಾಲದ ಓದುಗರನ್ನೂ ಕಾಡಿರಬೇಕು.

ಆದರೂ, ನಮ್ಮ ಗ್ರಂಥದಲ್ಲಿ ಆ ಪ್ರಾರ್ಥನೆ ಇದ್ದರೂ, ಒಂದು ಕಡೆ ನನಗೆ ಹೀಬ್ರೂ ಪಾಠವೇ ಮೇಲೆನಿಸುತ್ತದೆ. ಗ್ರೀಕ್ ಪಾಠದಲ್ಲಿ ಅರಸನ ಉರಿಯುವ ಮುಖವನ್ನು ಕಂಡು ಎಸ್ತೇರಳು ಮೂರ್ಛೆ ಹೋಗುತ್ತಾಳೆ. ದೇವರು ಅರಸನ ಮನಸ್ಸನ್ನು ಮೆತ್ತಗಾಗಿಸುತ್ತಾನೆ, ಅವನು ಸಿಂಹಾಸನದಿಂದ ಹಾರಿಬಂದು ಆಕೆಯನ್ನು ತೋಳುಗಳಲ್ಲಿ ಹಿಡಿಯುತ್ತಾನೆ. ಎರಡು ಮಾತಾಡಿ ಆಕೆ ಮತ್ತೊಮ್ಮೆ ಕುಸಿಯುತ್ತಾಳೆ. ಹೀಬ್ರೂ ಪಾಠದಲ್ಲಿ ಇದ್ಯಾವುದೂ ಇಲ್ಲ. ಮೂರನೆಯ ದಿನ ಎಸ್ತೇರಳು ರಾಜವಸ್ತ್ರಗಳನ್ನು ಧರಿಸಿಕೊಂಡು ಒಳಪ್ರಾಕಾರದಲ್ಲಿ ನಿಂತಳು, ಅಷ್ಟೆ. ನಿಂತಳು ಎಂಬ ಆ ಒಂದು ಕ್ರಿಯಾಪದಕ್ಕೂ ಪ್ರಾಣ ಉಳಿಸಿದ ಗುರುತಾಗಿ ಅರಸನು ಸುವರ್ಣದಂಡವನ್ನು ಚಾಚುವುದಕ್ಕೂ ನಡುವಿನ ಕ್ಷಣದಲ್ಲಿ ಆಕೆಯ ಕೈಯಲ್ಲಿ ಏನೂ ಇರಲಿಲ್ಲ.

ಮೂರನೆಯ ಉತ್ತರ

ಮೇಲಿನ ಇಬ್ಬರ ಮಾತುಗಳನ್ನು ಮೆಚ್ಚುತ್ತಲೇ ಎರಡು ತಕರಾರುಗಳನ್ನು ಸೇರಿಸುತ್ತೇನೆ. ಧೈರ್ಯವೆಂದರೆ ಎಸ್ತೇರಳು ಎಂದು ಹೇಳುವಾಗ, ಆಕೆಗಿಂತ ಮೊದಲು ರಾಣಿಯಾಗಿದ್ದ ವಷ್ಟಿಯನ್ನು ಕೆಟ್ಟ ಹೆಂಡತಿಯ ಉದಾಹರಣೆಯಾಗಿ ಬಳಸುವ ರೂಢಿ ನಮ್ಮ ಪ್ರಸಂಗಗಳಲ್ಲಿದೆ. ದಯವಿಟ್ಟು ಅದನ್ನು ಬಿಡಿ. ಕುಡಿದ ಮತ್ತಿನಲ್ಲಿದ್ದ ಗಂಡ ತನ್ನ ಚೆಲುವನ್ನು ಅತಿಥಿಗಳಿಗೆ ತೋರಿಸಲು ಕರೆದಾಗ ಒಬ್ಬಳು ಬರಲಿಲ್ಲ, ಕರೆಯದಿದ್ದಾಗ ಇನ್ನೊಬ್ಬಳು ಬಂದಳು. ಇಬ್ಬರೂ ಒಂದೇ ಅರಮನೆಯ ಕಟ್ಟಳೆಯನ್ನು ಮುರಿದವರೇ. ಅರಸನು ಸುವರ್ಣದಂಡ ಚಾಚದಿದ್ದರೆ ಎಂಬ ಭಯ ಎಸ್ತೇರಳಿಗೆ ಅಷ್ಟೊಂದು ಇದ್ದುದಕ್ಕೆ, ರಾಣಿಪಟ್ಟ ಕಳೆದುಕೊಂಡ ವಷ್ಟಿಯ ಗತಿಯೂ ಕಾರಣವಾಗಿರಬಹುದು.

ಎರಡನೆಯದು ಒಂಬತ್ತನೆಯ ಅಧ್ಯಾಯ. ಹಾಮಾನನು ಐವತ್ತು ಮೊಳದ ಕಂಬಕ್ಕೆ ಏರಿದಲ್ಲಿಗೆ ನಾವು ಕಥೆ ನಿಲ್ಲಿಸುತ್ತೇವೆ. ಪರ್ಷಿಯದ ಆಜ್ಞೆ ರದ್ದಾಗುವಂತಿಲ್ಲವಾದ್ದರಿಂದ ಯೆಹೂದ್ಯರು ಆಯುಧ ಹಿಡಿದು ತಮ್ಮನ್ನು ಕಾಪಾಡಿಕೊಳ್ಳಬಹುದೆಂಬ ಎರಡನೆಯ ಆಜ್ಞೆ ಹೊರಡುತ್ತದೆ; ಶೂಷನಿನಲ್ಲಿ 500 ಮಂದಿ, ಸಂಸ್ಥಾನಗಳಲ್ಲಿ 75,000 ಮಂದಿ ಸಾಯುತ್ತಾರೆ. ಆ ಮೇಲೆ ಶೂಷನಿನಲ್ಲಿ ಇನ್ನೊಂದು ದಿನದ ಅವಕಾಶ ಬೇಕೆಂದು ಕೇಳುವವಳು ಎಸ್ತೇರಳೇ. ಮತ್ತೆ 300 ಮಂದಿ ಹತರಾಗುತ್ತಾರೆ. ಕೊಳ್ಳೆಗೆ ಕೈಹಾಕಲಿಲ್ಲ ಎಂದು ಗ್ರಂಥಕಾರ ಮೂರು ಸಲ ಒತ್ತಿ ಹೇಳುತ್ತಾನೆ, ನಿಜ. ಆದರೂ ಆ ಎರಡನೆಯ ದಿನವನ್ನು ನಾನು ಇಂದಿಗೂ ಜೀರ್ಣಿಸಿಕೊಂಡಿಲ್ಲ. ಕೂಟದಲ್ಲಿ ಯಾರಾದರೂ ಕೇಳಿದರೆ ಜಾರಿಕೊಳ್ಳಬೇಡಿ. ಬಲಿಯಾಗಬೇಕಾಗಿದ್ದವರ ಕೈಗೆ ಅಧಿಕಾರ ಬಂದಾಗ ಏನಾಗುತ್ತದೆ ಎಂಬುದನ್ನೂ ಈ ಪುಸ್ತಕ ಮುಚ್ಚಿಡದೆ ಬರೆದಿದೆ ಎಂದಷ್ಟೇ ಹೇಳಿ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಕೃತಜ್ಞತೆಗಳು. ಬಾಡಿದ ಮುಖದ ಮಾತು ನನಗೆ ಹೊಳೆದೇ ಇರಲಿಲ್ಲ. ನಮ್ಮ ಕೂಟದಲ್ಲಿ ಉಪವಾಸ ಪ್ರಾರ್ಥನೆ ಮಾಡುವ ಹೆಂಗಸರಿಗೆ ಮೂರನೆಯ ದಿನದ ಬಾಯಿ ಹೇಗಿರುತ್ತದೆಂದು ನಾನು ವಿವರಿಸಬೇಕಾಗಿಲ್ಲ. ಎರಡನೆಯ ಅಧ್ಯಾಯದಲ್ಲಿ ಮೊರ್ದೆಕೈ ಹೇಳಿದಂತೆ ಎಸ್ತೇರಳು ನಡೆಯುತ್ತಾಳೆ, ನಾಲ್ಕನೆಯದರ ಕೊನೆಯ ವಚನದಲ್ಲಿ ಎಸ್ತೇರಳು ಹೇಳಿದಂತೆ ಮೊರ್ದೆಕೈ ನಡೆಯುತ್ತಾನೆ ಎಂಬುದು ನಿಮ್ಮ ಉತ್ತರಗಳ ನಂತರ ಓದುವಾಗ ಕಣ್ಣಿಗೆ ಬಿತ್ತು. ಅದನ್ನೂ ಸೇರಿಸಿಕೊಳ್ಳುತ್ತೇನೆ.

ಮೂವತ್ತು ದಿನಗಳಿಂದ ಕರೆ ಬಂದಿಲ್ಲ ಎಂಬ ವಚನವನ್ನು ಓದಿ ಅಲ್ಲಿಯೇ ಸ್ವಲ್ಪ ಹೊತ್ತು ನಿಲ್ಲಿಸಬೇಕೆಂದಿದ್ದೇನೆ. ಒಂಬತ್ತನೆಯ ಅಧ್ಯಾಯದ ಬಗ್ಗೆ ನನ್ನಲ್ಲೂ ಉತ್ತರವಿಲ್ಲ. ಯಾರೂ ಕೇಳದಿದ್ದರೂ ಅದನ್ನು ಓದಿಸುತ್ತೇನೆ.